ಸೂರ್ಯಕಾಂತಿ ಹತ್ತು ಚೂರಾದ ರಾತ್ರಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಅಪ್ಪ ದಿನಾ ಬೆಳಗ್ಗೆ 'ಕರ್ನಾಟಕ ಮಲ್ಲ' ಪೇಪರ್ ಹಿಡಿದು ಕೂರುತ್ತಾರೆ. ಪಕ್ಕದಲ್ಲೇ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದು ಕೂರುತ್ತಾಳೆ. ಅವಳಿಗೆ 11 ವರ್ಷ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ಓದಲು ಬರೋದು ಮಾತ್ರ ಇಂಗ್ಲಿಷ್, ಮರಾಠಿ, ಹಿಂದಿ. ಅಜ್ಜ ಓದುವ ಪೇಪರಿನ ತಲೆಬರಹ ಕೂಡ ಅವಳಿಗೆ ಬರೀ ಚಿತ್ರ. ಅಕ್ಷರಮಾಲೆಯ ಚಾರ್ಟ್ ತಂದು ಗೋಡೆಗೆ ಹಚ್ಚಿದ್ದೆ. ಎರಡು ವಾರ ಓದಿದಳು, ಆಮೇಲೆ ಬಿಟ್ಟಳು.

ಅವಳು ಆಡೋದು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಒಬ್ಬರೇ ಕೂತು ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಆಟ. ಅಜ್ಜ ಬಿಟ್ಟುಹೋದ ಹೊಲಕ್ಕೆ ಮೊಮ್ಮಗ ಅಥವಾ ಮೊಮ್ಮಗಳು ಬಂದು ನೆಲೆಸುವ ಕಥೆ. ಇಂಗ್ಲಿಷ್ ಸೇರಿ 12 ಭಾಷೆಗಳಲ್ಲಿ ಸಿಗುತ್ತದೆ, ನಮ್ಮ ದೇಶದ ಭಾಷೆ ಒಂದೂ ಇಲ್ಲ. ಒಂದು ದಿನ ಅವಳು ಕೇಳಿದಳು, "ಚಿಕ್ಕಮ್ಮ, ಈ ಊರಿನವರು ಕನ್ನಡ ಯಾಕೆ ಮಾತಾಡಲ್ಲ?"

ಅವತ್ತಿಂದ ಶುರುವಾಯಿತು. ಅಂಧೇರಿಯ ಆಫೀಸಿಗೆ ಹೋಗಿ ಬರುವಾಗ ಲೋಕಲ್‌ನಲ್ಲಿ ಸೀಟು ಸಿಕ್ಕ ದಿನವೆಲ್ಲ ಅನುವಾದ. ಆಡುವವರೇ ಬರೆದು ಆಟಕ್ಕೆ ಸೇರಿಸುವ ತುಣುಕಿಗೆ ಮಾಡ್ ಅನ್ನುತ್ತಾರೆ. ಆಟಕ್ಕೆ ಹೊಸ ಊರಿನವರನ್ನು ಸೇರಿಸುವ ಒಂದು ಮಾಡ್ ಅವಳಿಗೆ ಬಹಳ ಇಷ್ಟ, ಅದನ್ನೇ ಮೊದಲು ತೆಗೆದುಕೊಂಡೆ. ಮಾಡುತ್ತಾ ಮಾಡುತ್ತಾ ನನಗೆ ಗಟ್ಟಿಯಾದ ಒಂದು ಮಾತು ಇದೆ, ಅದನ್ನು ಹೇಳೋಕೇ ಈ ಬರಹ. ಮಾಡ್‌ನ ಅನುವಾದವೂ ಒಂದು ಮಾಡ್. ಅದು ಪಕ್ಕದ ಮಾಡ್‌ಗಳ ಜೊತೆ ಹೊಂದಿಕೊಳ್ಳಬೇಕು, ಆಟದ ಮುಂದಿನ ಅಪ್‌ಡೇಟ್ ಬಂದಾಗಲೂ ಉಳಿಯಬೇಕು. ಮಾತು ಎಷ್ಟು ಚಂದ ಬರೆದರೂ ಇದಾಗದಿದ್ದರೆ ಆಡುವ ಮಗುವಿಗೆ ತೊಂದರೆಯೇ.

ಇದನ್ನು ನಾನು ಕಲಿತದ್ದು ಕಳೆದುಕೊಂಡು. ಮೊದಲ ಸಲ ಮಾಡ್‌ನ ಮೂಲ ಫೈಲನ್ನೇ ತೆರೆದು, ಇಂಗ್ಲಿಷ್ ಅಳಿಸಿ, ಅದೇ ಜಾಗದಲ್ಲಿ ಕನ್ನಡ ಬರೆದೆ. ಎರಡು ತಿಂಗಳ ಕೆಲಸ. ಅಷ್ಟರಲ್ಲಿ 2024ರ ಮಾರ್ಚ್ 19ಕ್ಕೆ ಆಟದ 1.6 ಆವೃತ್ತಿ ಬಂತು. ಒಳಗಿನ ಡೇಟಾದ ರೂಪವೇ ಬದಲಾಯಿತು. ಮೊದಲು ವಸ್ತುಗಳಿಗೆ ಬರೀ ನಂಬರ್ ಇತ್ತು, ಈಗ ಅಕ್ಷರದ ಗುರುತೂ ಇಡಬಹುದು. ಹಳೆಯ ಮಾಡ್‌ಗಳು ಸಾಲುಸಾಲಾಗಿ ಕೆಟ್ಟವು. ಮಾಡ್ ಬರೆದವರು ಪಾಪ ಬೇಗನೇ ಸರಿಮಾಡಿ ಹೊಸದು ಕೊಟ್ಟರು. ಆದರೆ ಹೊಸದು ಹಾಕಿದರೆ ನನ್ನ ಕನ್ನಡ ಹೋಗುತ್ತದೆ, ಹಳೆಯದು ಇಟ್ಟರೆ ಆಟ ಓಡಲ್ಲ. ಅವಳು, ಮಾಡ್‌ಗಳನ್ನು ಆಟಕ್ಕೆ ಜೋಡಿಸುವ ಸ್ಮಾಪಿ ಅನ್ನೋ ತಂತ್ರಾಂಶದ ಕಪ್ಪು ಕಿಟಕಿಯಲ್ಲಿ ಕೆಂಪು ಸಾಲುಗಳನ್ನು ನೋಡುತ್ತಾ ಸುಮ್ಮನೆ ಕೂತಿದ್ದಳು. ಆ ಮುಖ ಇನ್ನೂ ಕಣ್ಣ ಮುಂದಿದೆ.

ಸರಿಯಾದ ದಾರಿ ಆಗಲೂ ಇತ್ತು, ನನಗೆ ಗೊತ್ತಿರಲಿಲ್ಲ ಅಷ್ಟೇ. ಚೆನ್ನಾಗಿ ಬರೆದ ಮಾಡ್‌ನಲ್ಲಿ ಐ18ಎನ್ ಅಂತ ಒಂದು ಫೋಲ್ಡರ್ ಇರುತ್ತದೆ. ಮಾತುಗಳೆಲ್ಲ ಅಲ್ಲಿ, ಕೋಡ್ ಬೇರೆ ಕಡೆ. ಅಲ್ಲಿರುವ ಡೀಫಾಲ್ಟ್ ಫೈಲನ್ನು ಕಾಪಿ ಮಾಡಿ, ಕನ್ನಡದ ಸಂಕೇತವಾದ 'ಕೆಎನ್' ಹೆಸರಿಟ್ಟು, ಅದರಲ್ಲಿ ಅನುವಾದಿಸಬೇಕು. ಮಾಡ್‌ಗೆ ಹತ್ತು ಹೊಸ ಸಾಲು ಸೇರಿದರೆ ಏನೂ ಕೆಡಲ್ಲ. ಕನ್ನಡದಲ್ಲಿ ಇಲ್ಲದ ಸಾಲನ್ನು ಸ್ಮಾಪಿ ತಾನೇ ಡೀಫಾಲ್ಟ್‌ನಿಂದ ತೆಗೆದು ತೋರಿಸುತ್ತದೆ. ಆ ಹತ್ತು ಸಾಲು ಇಂಗ್ಲಿಷ್‌ನಲ್ಲಿ ಕಾಣುತ್ತವೆ, ಉಳಿದದ್ದು ಕನ್ನಡ. ಅಪ್‌ಡೇಟ್ ಹಾಕುವ ಮುಂಚೆ ನಮ್ಮ ಫೈಲ್ ಒಂದನ್ನು ಬೇರೆ ಕಡೆ ಎತ್ತಿಟ್ಟರೆ ಸಾಕು.

ಕೋಡ್ ಬರೆಯದೆ ಆಟದ ಫೈಲುಗಳನ್ನು ಬದಲಾಯಿಸಲು ಬಳಸುವ ಕಂಟೆಂಟ್ ಪ್ಯಾಚರ್ ಅನ್ನೋ ಮಾಡ್‌ನಲ್ಲೂ ಇದೇ ಬುದ್ಧಿ ಬೇಕು. ಅಲ್ಲಿ 'ಲೋಡ್' ಅಂದರೆ ಇಡೀ ಫೈಲ್ ನನ್ನದೇ ಅಂತ ಹೇಳಿದ ಹಾಗೆ. ಎರಡು ಮಾಡ್‌ಗಳು ಒಂದೇ ಫೈಲಿಗೆ ಹಾಗೆ ಹೇಳಿದರೆ ಜಗಳ. 'ಎಡಿಟ್' ಅಂದರೆ ನನಗೆ ಬೇಕಾದ ಸಾಲಷ್ಟೇ ಮುಟ್ಟುತ್ತೇನೆ ಅಂತ. ಹತ್ತು ಮಾಡ್ ಇದ್ದರೂ ಕೂಡಿ ಬಾಳಬಹುದು. ನಾಲ್ಕು ಮಾತು ಬದಲಾಯಿಸಲು ಇಡೀ ಫೈಲ್ ಬದಲಾಯಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇನ್ನು ಅಕ್ಷರದ ವಿಷಯ. ನನ್ನನ್ನು ತುಂಬಾ ಕಾಡಿದ್ದು ಇದೇ.

1.5.5 ಆವೃತ್ತಿಯಿಂದ ಈ ಆಟಕ್ಕೆ ಹೊಸ ಭಾಷೆಯನ್ನು, ಅದರ ಫಾಂಟ್ ಸಮೇತ, ಮಾಡ್ ಆಗಿ ಸೇರಿಸಬಹುದು. ಖುಷಿಯಿಂದ ಸೇರಿಸಿದೆ. ಬೀಜದ ಪೊಟ್ಟಣದ ಮೇಲೆ 'ಸೂರ್ಯಕಾಂತಿ' ಬರಬೇಕಿತ್ತು. ಬಂದದ್ದು ಒಂಟಿ ಸ, ಪಕ್ಕದಲ್ಲಿ ಅದರ ದೀರ್ಘ, ಆಮೇಲೆ ರ, ಒಂದು ಬಿಡಿ ಹಲಂತ, ಯ... ಹೀಗೆ ಹತ್ತು ಚೂರು. ನಮ್ಮ ಕಣ್ಣಿಗೆ ಅದು ಸೂ, ರ್ಯ, ಕಾಂ, ತಿ ಅಂತ ನಾಲ್ಕೇ ಅಕ್ಷರ ಅಲ್ವಾ? ಕಂಪ್ಯೂಟರಿನೊಳಗೆ ಹತ್ತು ಸಂಕೇತ. ಆ ಹತ್ತನ್ನು ಬೆಸೆದು, ಅರ್ಕಾವತ್ತನ್ನು ಯ ಆದಮೇಲೆ ಕೂರಿಸಿ, ನಾಲ್ಕಾಗಿ ತೋರಿಸಲು ಬೇರೆ ತಂತ್ರಾಂಶವೇ ಬೇಕು. ನೀವು ಈ ಬರಹವನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ ಹಾರ್ಫ್‌ಬಜ್ ಅನ್ನೋ ತಂತ್ರಾಂಶ ಆ ಕೆಲಸ ಮಾಡಿದೆ. ಈ ಆಟದ ಫಾಂಟ್ ಪದ್ಧತಿಯಲ್ಲಿ ಅದು ಇಲ್ಲ. ಒಂದು ಸಂಕೇತಕ್ಕೆ ಒಂದು ಚಿತ್ರ, ಅಷ್ಟೇ.

ನಾನು ಕಂಡುಕೊಂಡ ಉಪಾಯ ಹೀಗಿದೆ. ಕಂಪ್ಯೂಟರಿನ ಅಕ್ಷರ ಸಂಕೇತಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಯಾವ ಭಾಷೆಗೂ ಕೊಡದೆ ಖಾಲಿ ಬಿಟ್ಟ 6,400 ಜಾಗಗಳ ಒಂದು ಸಾಲು ಇದೆ. ಅನುವಾದದಲ್ಲಿ ಬರುವ ಪ್ರತಿ ಅಕ್ಷರವನ್ನೂ, ಒತ್ತಕ್ಷರ ಸಮೇತ, ನೋಟೋ ಸಾನ್ಸ್ ಕನ್ನಡ ಫಾಂಟಿನಲ್ಲಿ ಚಿತ್ರ ಮಾಡಿ, ಒಂದೊಂದನ್ನೇ ಅಲ್ಲಿ ಕೂರಿಸಿದೆ. ಕೊನೆಗೆ ಒಂದು ಚಿಕ್ಕ ಸ್ಕ್ರಿಪ್ಟ್ ನನ್ನ ಸಾದಾ ಕನ್ನಡವನ್ನು ಆ ಜಾಗಗಳಿಗೆ ಬದಲಾಯಿಸುತ್ತದೆ. 'ಸ್ತ್ರೀ' ಅಂತ ಒಂದು ಚಿತ್ರ, 'ರ್ಯ' ಅಂತ ಇನ್ನೊಂದು. ನೂರಾರು ಆದವು. ಕೆಲಸ ನಡೆಯುತ್ತದೆ, ಆದರೆ ಇದು ಶಾಶ್ವತ ಪರಿಹಾರ ಅಲ್ಲ. ಆಟ ಕಟ್ಟಲು ಬಳಸುವ ಗೋಡೋ 4 ಎಂಜಿನ್‌ನಲ್ಲಿ ಅಕ್ಷರ ಬೆಸೆಯುವ ವ್ಯವಸ್ಥೆ ಇದೆ. ಹೊಸದಾಗಿ ಆಟ ಕಟ್ಟುವ ನಮ್ಮ ಹುಡುಗ ಹುಡುಗಿಯರು ಎಂಜಿನ್ ಆರಿಸುವಾಗ ಇದನ್ನು ಮೊದಲು ನೋಡಲಿ. ಕನ್ನಡ ಆಮೇಲೆ ಸೇರಿಸಿದರಾಯಿತು ಅಂದುಕೊಂಡರೆ ಆಮೇಲೆ ಆಗೋದೇ ಇಲ್ಲ.

ಮಾತಿನ ಕೆಲಸದಲ್ಲಿ ಸಿಕ್ಕ ಖುಷಿಯೇ ಬೇರೆ. ಆಟದ ಶುರುವಿನಲ್ಲಿ ಕೊಡುವ 15 ಬೀಜ ಪಾರ್ಸ್ನಿಪ್ ಅನ್ನೋ ಗೆಡ್ಡೆಯದ್ದು. ಬಿಳಿ ಮೂಲಂಗಿ ಅನ್ನೋಣ ಅಂದರೆ, ಬೇಸಿಗೆಯ ಬೆಳೆಯಾಗಿ ಮೂಲಂಗಿ ಬೇರೆಯೇ ಇದೆ. ಹಾಗಾಗಿ ಪಾರ್ಸ್ನಿಪ್ ಪಾರ್ಸ್ನಿಪ್ ಆಗಿಯೇ ಉಳಿಯಿತು. ವಸ್ತುವಿನ ಹೆಸರನ್ನು ಆಟ ತಾನೇ ತುಂಬುವ ಕಡೆ 'ಅನ್ನು' ಹಚ್ಚಲು ಆಗಲ್ಲ. ಬದನೆಗೆ 'ಬದನೆಯನ್ನು' ಬೇಕು, ಅಕ್ಕಿಗೆ 'ಅಕ್ಕಿಯನ್ನು', ಪಾರ್ಸ್ನಿಪ್‌ಗೆ ಬೇರೆ. ಆಗ ಅಪ್ಪ ಅಮ್ಮನಿಗೆ ಹೇಳಿದ್ದು ಕಿವಿಗೆ ಬಿತ್ತು: "ಬದನೆ ತಗೊಂಡು ಬಾ." ಆಡುಮಾತಿನಲ್ಲಿ 'ಅನ್ನು' ಬೇಕಾಗೋದೇ ಇಲ್ಲ! ಪುಸ್ತಕದ ಕನ್ನಡ ಬಿಟ್ಟು ಮನೆಯ ಕನ್ನಡಕ್ಕೆ ಬಂದ ಕೂಡಲೇ ಅರ್ಧ ತೊಡಕು ಬಿಡಿಸಿಕೊಂಡಿತು.

ನೀನು, ನೀವು ವಿಷಯ ನನಗೆ ಎಲ್ಲಕ್ಕಿಂತ ಇಷ್ಟ. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ ಮಾತು. ಆದರೆ ಆಟದಲ್ಲಿ ಸ್ನೇಹ ಹೃದಯಗಳ ಲೆಕ್ಕದಲ್ಲಿ ಬೆಳೆಯುತ್ತದೆ, ಸಂಭಾಷಣೆಯ ಗುರುತಿನ ಕೊನೆಯಲ್ಲಿ 4, 6 ಅಂತ ಅದೂ ಇರುತ್ತದೆ. ಹಾಗಾಗಿ ಹೊಸಬರು ಮೊದಲು 'ನೀವು' ಅನ್ನುತ್ತಾರೆ. ಆರು ಹೃದಯ ದಾಟಿದ ಮೇಲೆ 'ನೀನು'. ಮೂಲದಲ್ಲಿ ಇಲ್ಲದ ಈ ಸಲಿಗೆ ಕನ್ನಡದಲ್ಲಿ ಬಂತು. ಅವಳು ಅದನ್ನು ತಾನೇ ಗಮನಿಸಿ ಓಡಿಬಂದಳು: "ಚಿಕ್ಕಮ್ಮ, ಇವತ್ತು ನನಗೆ ನೀನು ಅಂದ!"

ಹೌದು, ಈಗ ಓದುತ್ತಾಳೆ. ಚಾರ್ಟ್ ನೋಡಿ ಅಲ್ಲ. ಊರಿನವರು ಏನು ಹೇಳಿದರು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಮೊದಮೊದಲು ಒಂದು ಸಾಲಿಗೆ ಐದು ನಿಮಿಷ, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ. ಅನುವಾದ ಮಾಡುವವರಿಗೆ ನನ್ನ ಕೋರಿಕೆ ಇಷ್ಟೇ: ಮಾಡ್ ಬರೆದವರನ್ನು ಕೇಳಿ, ಮಾತನ್ನು ಪ್ರತ್ಯೇಕ ಫೈಲಿನಲ್ಲಿಡಿ, ಆ ಫೈಲನ್ನು ಅವರಿಗೇ ಕಳಿಸಿಕೊಡಿ. ಮಾಡ್ ಬರೆಯುವವರೇ, ಕೋಡ್‌ನೊಳಗೆ ಮಾತು ಹುದುಗಿಸಬೇಡಿ.

ಹೋದ ವಾರ ಮಾಡ್ ಮತ್ತೆ ಅಪ್‌ಡೇಟ್ ಆಯಿತು. ಆಟ ಕೆಡಲಿಲ್ಲ. ಆರು ಹೊಸ ಸಾಲು ಇಂಗ್ಲಿಷ್‌ನಲ್ಲಿ ಕಂಡವು. "ಈ ಆರು ನಾನು ಬರೀತೀನಿ" ಅಂದಳು. ಮಳೆಯ ದಿನದ ಮಾತಿಗೆ 'ಮಳೆ ಜೋರಾಗಿದೆ, ಛತ್ರಿ ತಗೊಂಡು ಹೋಗು' ಅಂತ ಬರೆದಳು. ಆಟದಲ್ಲಿ ನೋಡಿದರೆ 'ಛತ್ರಿ'ಯ ಮೊದಲ ಅಕ್ಷರದ ಜಾಗ ಖಾಲಿ. ನನ್ನ ಚಿತ್ರಗಳಲ್ಲಿ 'ಛ' ಇರಲೇ ಇಲ್ಲ, ಅಲ್ಲಿವರೆಗೆ ಬೇಕಾಗಿರಲಿಲ್ಲ. ಅಪ್ಪ ಪೇಪರ್ ಕೆಳಗಿಟ್ಟು ಹೇಳಿದರು, "ನಮ್ಮಲ್ಲಿ ಕೊಡೆ ಅನ್ನೋದು ಮಗಾ." ಅವಳು ಅಳಿಸಿ 'ಕೊಡೆ' ಅಂತ ಬರೆದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು 'ಛ'ದ ಚಿತ್ರವನ್ನೂ ಮಾಡಿ ಸೇರಿಸಿಟ್ಟೆ.