ಮಳೆಗಾಲದಲ್ಲಿ ನಿಂತ ಕುದುರೆ

ಇಪ್ಪತ್ತೆರಡು ವರ್ಷಗಳಿಂದ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಕೊಟ್ಟಿಗೆಗಳಲ್ಲಿ ದನ, ಎಮ್ಮೆಗಳಿಗೆ ಔಷಧ ಕೊಡುತ್ತಾ ಬಂದವಳು ನಾನು. ಕುದುರೆಯ ಕಾಲು ಹಿಡಿದು ಕೂರುವ ಸಂದರ್ಭ ಈ ಜೂನ್‌ವರೆಗೂ ಬಂದಿರಲಿಲ್ಲ. ಮೃಗಶಿರಾ ಮಳೆ ಹಿಡಿದು ಆರು ದಿನವಾಗಿತ್ತು. ಗುಡ್ಡದ ಮೇಲಿನ ಹೋಮ್‌ಸ್ಟೇ ಒಂದರಿಂದ ಕರೆ ಬಂತು: ಕುದುರೆ ಕಾಲೂರುತ್ತಿಲ್ಲ, ಮೇವು ಮುಟ್ಟುತ್ತಿಲ್ಲ.

ಹೋಗಿ ನೋಡಿದರೆ ಕಂದು ಬಣ್ಣದ ಹೆಣ್ಣು ಕುದುರೆ, ತಗಡಿನ ಚಪ್ಪರದ ಕೆಳಗೆ ಕೆಸರಿನಲ್ಲಿ ನಿಂತಿತ್ತು. ಮುಂಗಾಲೆತ್ತಿ ಗೊರಸು ತಿರುಗಿಸಿದೆ. ಅಡಿಯಲ್ಲಿ ತ್ರಿಕೋನಾಕಾರದ ಮೆತ್ತನೆಯ ಭಾಗವೊಂದಿರುತ್ತದೆ. ಕುದುರೆ ಹೆಜ್ಜೆ ಊರಿದಾಗ ಭಾರ ತಡೆಯುವುದರಲ್ಲಿ ಅದರದ್ದು ದೊಡ್ಡ ಪಾಲು. ಅದರ ಎರಡೂ ಬದಿಯ ಸಂದಿಗಳಲ್ಲಿ ಕಪ್ಪಗೆ ಕೊಳೆತ ರಸ, ಮೂಗಿಗೆ ಹೊಡೆಯುವ ವಾಸನೆ. ನಾಲ್ಕೂ ಕಾಲುಗಳದ್ದು ಅದೇ ಕಥೆ. ಪಕ್ಕದಲ್ಲಿದ್ದ ಹುಲ್ಲಿನ ಹೊರೆಗೆ ಬೂಸ್ಟು ಹಿಡಿದಿತ್ತು. ಕುದುರೆಗೆ ದನದ ಹಾಗೆ ನಾಲ್ಕು ಕೋಣೆಯ, ಮೆಲುಕು ಹಾಕುವ ಹೊಟ್ಟೆಯಿಲ್ಲ. ಅದಕ್ಕೆ ವಾಂತಿ ಮಾಡಿಕೊಳ್ಳಲೂ ಬರುವುದಿಲ್ಲ. ಕೆಟ್ಟದ್ದೇನಾದರೂ ಒಳಗೆ ಹೋದರೆ ಹೊಟ್ಟೆಶೂಲೆಯಲ್ಲಿ ನರಳಿ ಸಾಯುವ ಪ್ರಾಣಿ ಅದು.

ಅದನ್ನು ನೋಡಿಕೊಳ್ಳಲು ನೇಮಿಸಿದ್ದವರು ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರು. ಶಿವಮೊಗ್ಗ ಪೇಟೆಯಲ್ಲಿ ಜಟಕಾ ಓಡಿಸಿದ ಮನೆತನದವರು. ಬಂದು ಮೂರೇ ದಿನವಾಗಿತ್ತು. ನಾನು ಸಂದಿಗಳನ್ನು ಕೆರೆದು ತೊಳೆಯುವಷ್ಟರಲ್ಲಿ ಅವರು ಎಲ್ಲಿಂದಲೋ ಎರಡು ಚೀಲ ಭತ್ತದ ಹೊಟ್ಟು ಹೊತ್ತು ತಂದು ಕೆಸರಿನ ಮೇಲೆ ದಪ್ಪಗೆ ಹರಡಿದರು.

“ಡಾಕ್ಟರಮ್ಮ, ಔಷಧ ನೀವು ಹಾಕಿ. ಆದರೆ ನೆಲ ಒಣಗದೆ ಔಷಧ ಹಿಡಿಯುವುದಿಲ್ಲ. ಕುದುರೆ ನಿಂತೇ ಬದುಕುವ ಜೀವ. ನಿಲ್ಲುವ ಜಾಗ ಕೆಟ್ಟರೆ ಮುಗಿಯಿತು.”

“ಇಲ್ಲಿ ಇನ್ನು ಸೆಪ್ಟೆಂಬರ್ ತನಕ ನೆಲ ಒಣಗುವುದಿಲ್ಲ ಚಾಚಾ,” ಎಂದೆ.

“ಹಾಗಾದರೆ ಇದು ಕುದುರೆಯ ಜಾಗವಲ್ಲ ಅಮ್ಮ,” ಎಂದರು ಅವರು.

ಆ ಹೋಮ್‌ಸ್ಟೇಯ ಜಗಲಿಯಲ್ಲಿ ದೊಡ್ಡ ಚಿತ್ರವೊಂದನ್ನು ತೂಗುಹಾಕಿದ್ದರು. ತಲೆಗೆ ಗರಿ ಕಟ್ಟಿದ ಅಮೆರಿಕದ ಮೂಲನಿವಾಸಿಯೊಬ್ಬ ಕುದುರೆಯ ಹಣೆಗೆ ಹಣೆ ತಾಗಿಸಿ ನಿಂತ ಚಿತ್ರ. ಕೆಳಗೆ ಪ್ರಕೃತಿಯೊಂದಿಗೆ ಒಂದಾಗಿ ಬದುಕುವ ಮಾತು. ಬೇಸಿಗೆಯಲ್ಲಿ ಅಲ್ಲಿ ವಾರಾಂತ್ಯದ ಶಿಬಿರಗಳು ನಡೆದಿದ್ದವು. ಬೆಂಗಳೂರಿನ ಯುವಕರು ಬಂದು ಕುದುರೆಯ ಪಕ್ಕ ಮೌನವಾಗಿ ಕುಳಿತು ಹೋಗಿದ್ದರು. ಬಂದವರ ಭಾವನೆ ಸುಳ್ಳೆಂದು ನಾನು ಹೇಳುವುದಿಲ್ಲ. ಕುದುರೆಯ ಕತ್ತಿಗೆ ಮುಖ ಒತ್ತಿ ನಿಂತರೆ ಎದೆ ಹಗುರಾಗುವುದು ನಿಜ. ಅಂದು ನನಗೂ ಆಯಿತು. ಆದರೆ ಆ ಚಿತ್ರದಲ್ಲಿರುವ ಜನರ ಅರಿವು ಯಾವ ಬಗೆಯದ್ದೆಂದು ತಿಳಿಯುವ ಹಂಬಲ ಹುಟ್ಟಿ, ಮುಂದಿನ ತಿಂಗಳುಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ.

ಕುದುರೆಯ ವಂಶ ಬೆಳೆದದ್ದೇ ಉತ್ತರ ಅಮೆರಿಕದಲ್ಲಿ. ಸುಮಾರು 10,000 ವರ್ಷಗಳ ಹಿಂದೆ ಅಲ್ಲಿ ಅದು ಅಳಿದುಹೋಯಿತು. 16ನೇ ಶತಮಾನದಲ್ಲಿ ಸ್ಪೇನಿನವರು ಹಡಗಿನಲ್ಲಿ ತಂದಾಗ ಅಲ್ಲಿನ ಬಯಲುಗಳ ಮೂಲನಿವಾಸಿಗಳಿಗೆ ಅದು ಹೊಸ ಪ್ರಾಣಿ. ಅಲ್ಲಿಯವರೆಗೆ ಅವರ ಸಾಮಾನು ಎಳೆಯುತ್ತಿದ್ದದ್ದು ನಾಯಿಗಳು. ಹಾಗಾಗಿ ಲಕೋಟಾ ಜನ ಕುದುರೆಯನ್ನು ‘ಶುಂಕವಕಾನ್’ ಎಂದು ಕರೆದರು, ಅಂದರೆ ಪವಿತ್ರ ನಾಯಿ. ಬ್ಲ್ಯಾಕ್‌ಫೂಟ್ ಜನರ ಮಾತಿನಲ್ಲಿ ಅದಕ್ಕಿರುವ ಹೆಸರನ್ನು ಕನ್ನಡಕ್ಕೆ ತಂದರೆ ‘ಕಡವೆನಾಯಿ’ ಎನ್ನಬಹುದು: ಅಲ್ಲಿನ ದೊಡ್ಡ ಕಡವೆಯಷ್ಟು ಎತ್ತರ, ನಾಯಿಯಂತೆ ಭಾರ ಎಳೆಯುವುದು. ಆ ಹೆಸರುಗಳನ್ನು ಓದಿ ಪುಸ್ತಕ ಮಡಚಿ ಬಹಳ ಹೊತ್ತು ಕುಳಿತಿದ್ದೆ. ಹೊಸ ಪ್ರಾಣಿ ಬಂದಾಗ ಅವರು ಮೊದಲು ಕೇಳಿಕೊಂಡದ್ದು, ನಮ್ಮ ನೆಲದಲ್ಲಿ, ನಮ್ಮ ಕೆಲಸದಲ್ಲಿ ಇದು ಯಾರ ಜಾಗಕ್ಕೆ ಬಂದಿದೆ ಎಂಬುದನ್ನು. ಹುಲ್ಲುಗಾವಲು ವಿಶಾಲವಾಗಿತ್ತು, ಗಾಳಿ ಒಣದಾಗಿತ್ತು, ಕುದುರೆ ಅಲ್ಲಿ ನೆಲೆಯೂರಿತು.

ಇನ್ನೊಂದು ಸಂಗತಿ. 1680ರಲ್ಲಿ ಪ್ಯೂಬ್ಲೊ ಜನ ಸ್ಪೇನಿನವರ ವಿರುದ್ಧ ಬಂಡೆದ್ದ ಮೇಲೆಯೇ ಕುದುರೆಗಳು ಮೂಲನಿವಾಸಿಗಳ ನಡುವೆ ಹರಡಿದವು ಎಂದು ಬಹುಕಾಲ ಬರೆಯಲಾಗಿತ್ತು. ಅದಕ್ಕಿಂತ ಮೊದಲೇ ಕುದುರೆ ನಮ್ಮವರ ಜೊತೆಗಿತ್ತು ಎಂದು ಅಲ್ಲಿನ ಹಿರಿಯರು ಹೇಳುತ್ತಲೇ ಬಂದಿದ್ದರು. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯಲ್ಲಿ ಮೂಲನಿವಾಸಿ ವಿದ್ವಾಂಸರೂ ಪಾಲುಗೊಂಡಿದ್ದರು. ಹಳೆಯ ಕುದುರೆ ಮೂಳೆಗಳ ಪರೀಕ್ಷೆಯಿಂದ, 17ನೇ ಶತಮಾನದ ಮೊದಲರ್ಧದಲ್ಲೇ ಆ ಜನ ಕುದುರೆ ಸಾಕುತ್ತಿದ್ದರೆಂದು ತಿಳಿಯಿತು. ಬಾಯಿಮಾತಿನ ನೆನಪು ದಾಖಲೆಗಿಂತ ಗಟ್ಟಿಯಾಗಿ ನಿಂತಿತ್ತು.

ಆ ಜನರನ್ನು ಬಗ್ಗಿಸಲು ಅಮೆರಿಕದ ಸೈನ್ಯ ಹಿಡಿದ ದಾರಿಯನ್ನೂ ಹೇಳಲೇಬೇಕು. 1874ರಲ್ಲಿ ಟೆಕ್ಸಸ್‌ನ ಪ್ಯಾಲೊ ಡ್ಯೂರೊ ಕಣಿವೆಯಲ್ಲಿ ಕಮಾಂಚಿ, ಕಯೋವಾ ಮತ್ತಿತರ ಬುಡಕಟ್ಟುಗಳ ಕುದುರೆಗಳನ್ನು ಹಿಡಿದು, ಸಾವಿರಕ್ಕೂ ಹೆಚ್ಚನ್ನು ಗುಂಡಿಟ್ಟು ಕೊಂದರು. ಕುದುರೆ ಆರಿಸಿ ತಳಿ ಬೆಳೆಸುವುದರಲ್ಲಿ ಹೆಸರಾಗಿದ್ದ ನೆಜ್ ಪರ್ಸ್ ಜನ 1877ರ ಯುದ್ಧದಲ್ಲಿ ಸೋತಾಗ ಅವರ ಕುದುರೆಗಳೂ ಕೈತಪ್ಪಿದವು. ಒಂದು ಜನವನ್ನು ನೆಲದಿಂದ ಕೀಳಬೇಕೆಂದರೆ ಮೊದಲು ಅವರ ಪ್ರಾಣಿಯನ್ನು ಕೀಳಬೇಕೆಂದು ಕೊಂದವರಿಗೆ ಗೊತ್ತಿತ್ತು. ಹಾಗೆಂದು ಅಲ್ಲಿ ಎಲ್ಲವೂ ಸದಾ ಹೊಂದಿಕೊಂಡಿತ್ತು ಎನ್ನಲಾರೆ. ದೊಡ್ಡ ಕುದುರೆಹಿಂಡುಗಳು ಚಳಿಗಾಲದ ಬೀಡುಗಳ ಸುತ್ತ ಹುಲ್ಲು ಬರಿದುಮಾಡಿದ್ದೂ ಉಂಟು. ಹುಲ್ಲು ಮುಗಿದರೆ ಬೀಡು ಎತ್ತಬೇಕು. ಆ ಪಾಠವನ್ನೂ ಅವರು ಪೆಟ್ಟು ತಿಂದೇ ಕಲಿತರು.

ಹಾಗಾದರೆ ಮಲೆನಾಡು ಕುದುರೆಗೆ ಏನು ಹೇಳಿತು? ನಮ್ಮ ಅರಸರಿಗೂ ಕುದುರೆ ಬೇಕಿತ್ತು. ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದವು. ವಿಜಯನಗರದ ಅರಸ ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅಷ್ಟು ಆಸೆ! ಅದಕ್ಕೂ ಮೊದಲು, 13ನೇ ಶತಮಾನದಲ್ಲಿ, ತಮಿಳು ಕರಾವಳಿಯ ಅರಸರು ವರ್ಷವರ್ಷವೂ ಕುದುರೆ ತರಿಸಿದರೂ ಅವು ಉಳಿಯುತ್ತಿರಲಿಲ್ಲ ಎಂದು ಮಾರ್ಕೊ ಪೋಲೊ ಹೇಳಿದ್ದ. ಇನ್ನು ಮೈಸೂರು ಸೀಮೆಯಲ್ಲಿ ಕುದುರೆ ಸಾಕಲು ಆರಿಸಿದ ಜಾಗವನ್ನು ನೋಡಿ: ಟಿಪ್ಪುವಿನ ಕಾಲದಿಂದ ಹೆಸರಾದದ್ದು ಕುಣಿಗಲ್, ಬಯಲುಸೀಮೆ. ಅರಸರ ಅಮೃತಮಹಲ್ ದನಗಳ ಕಾವಲು, ಅಂದರೆ ಹುಲ್ಲುಗಾವಲು, ಇದ್ದದ್ದೂ ಬಯಲಿನ ಅಜ್ಜಂಪುರದ ಕಡೆ. ಘಟ್ಟ ಹತ್ತಿ ಇಳಿಯುವ ಉಪ್ಪು, ಅಕ್ಕಿ, ಅಡಿಕೆ ಹೊತ್ತದ್ದು ಹೇರೆತ್ತುಗಳು. ಸೊರಬ, ಶಿಕಾರಿಪುರದ ವೀರಗಲ್ಲುಗಳಲ್ಲಿ ಕುದುರೆ ಏರಿದ ವೀರರು ಬೇಕಾದಷ್ಟು ಸಿಗುತ್ತಾರೆ. ಆದರೆ ಎಷ್ಟೋ ಕಲ್ಲುಗಳಲ್ಲಿ ಆ ವೀರ ಸತ್ತದ್ದು ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ. ಊರು ಪ್ರಾಣ ಕೊಟ್ಟು ಕಾದದ್ದು ದನವನ್ನು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅಂತಹ ಸೀಮೆಯಲ್ಲಿ ಸಾಕಲು ನಮ್ಮ ಹಿರಿಯರು ಉಳಿಸಿಕೊಂಡದ್ದು ಮಲೆನಾಡು ಗಿಡ್ಡ. ಸೊಂಟದೆತ್ತರದ ದನ. ಜಾರುವ ಗುಡ್ಡವನ್ನು ಮೇಕೆಯಂತೆ ಹತ್ತುತ್ತದೆ, ಹುಲ್ಲಿಲ್ಲದ ಕಡೆ ಸೊಪ್ಪು ಕಚ್ಚುತ್ತದೆ, ಬೆಳಗ್ಗೆ ಬಿಟ್ಟರೆ ಹುಲ್ಲಿನ ಬ್ಯಾಣ ಸುತ್ತಿ ಸಂಜೆ ತಾನೇ ಕೊಟ್ಟಿಗೆಗೆ ಬರುತ್ತದೆ. ಹಾಲು ಕಡಿಮೆ, ಲೀಟರು, ಎರಡು ಲೀಟರು. ಆದರೆ ನಮ್ಮ ತೋಟಗಳಿಗೆ ಬೇಕಾದದ್ದು ಅದರ ಸಗಣಿ. ಬೆಟ್ಟದಿಂದ ಸೊಪ್ಪು, ಕೊಟ್ಟಿಗೆಯಲ್ಲಿ ಹಾಸು, ಅಲ್ಲಿಂದ ಗೊಬ್ಬರಗುಂಡಿ, ಅಲ್ಲಿಂದ ಅಡಿಕೆ ಮರದ ಬುಡ. ಈ ಸುತ್ತು ತಿರುಗಿಸುವ ಗಾಲಿ ಆ ಪುಟ್ಟ ದನ. 2012ರಲ್ಲಿ ಅದಕ್ಕೆ ಅಧಿಕೃತ ತಳಿಯೆಂಬ ಮನ್ನಣೆ ಸಿಕ್ಕಿತು. ಆ ಹೊತ್ತಿಗೆ ನಮ್ಮೂರಿನ ಬಹುಪಾಲು ಕೊಟ್ಟಿಗೆಗಳಿಂದ ಅದು ಹೊರಟುಹೋಗಿತ್ತು.

ಅದು ಹೊರಟುಹೋಗುವುದರಲ್ಲಿ ನನ್ನ ಕೈಯೂ ಇದೆ, ಅದನ್ನು ಬರೆಯದೆ ಮುಂದೆ ಹೋಗಲಾರೆ. ಕೆಲಸಕ್ಕೆ ಸೇರಿದ ಮೊದಲ ಹತ್ತು ವರ್ಷ ಗಿಡ್ಡ ಹಸುಗಳಿಗೆ ಜರ್ಸಿ ವೀರ್ಯ ಕೊಟ್ಟಿದ್ದೇನೆ. ಸಣ್ಣ ಹಸುವಿನ ಹೊಟ್ಟೆಯಲ್ಲಿ ದೊಡ್ಡ ಕರು. ರಾತ್ರಿ ಎರಡು ಗಂಟೆಗೆ ಲಾಟೀನು ಬೆಳಕಿನಲ್ಲಿ ಹಗ್ಗ ಕಟ್ಟಿ ಕರು ಎಳೆದಿದ್ದೇನೆ, ಕೆಲವೊಮ್ಮೆ ತಾಯಿ ಉಳಿಯಲಿಲ್ಲ. ಒಂದು ಮನೆಯ ಅಮ್ಮ ನನ್ನನ್ನು ಬಯ್ಯಲಿಲ್ಲ. “ಇದು ನಮ್ಮ ಗುಡ್ಡದ ದನ ಮಗಾ, ಅದರ ಅಳತೆ ನೋಡಿ ಕೊಡಬೇಕಿತ್ತು,” ಎಂದಷ್ಟೇ ಹೇಳಿ ಒಳಗೆ ಹೋದರು. ಅವರ ಆ ಮಾತು ನನಗೆ ಅರ್ಥವಾಗಲು ಎಷ್ಟೋ ವರ್ಷ ಹಿಡಿಯಿತು. ಮೂಲ ಜ್ಞಾನ ಎಂದು ನಾವು ದೂರದಲ್ಲಿ ಹುಡುಕುವುದು ಇಂತಹ ಅಳತೆಯನ್ನೇ: ಈ ನೆಲ ಎಷ್ಟು ತಡೆದುಕೊಳ್ಳುತ್ತದೆ, ಯಾವುದಕ್ಕೆ ಒಲ್ಲೆ ಎನ್ನುತ್ತದೆ.

ನನ್ನ ಅಜ್ಜ ಸೊಪ್ಪು ಸವರುವಾಗ ಮರದ ತುದಿ ಬಿಡುತ್ತಿದ್ದರು. ಈ ವರ್ಷ ಸವರಿದ ಮರವನ್ನು ಬರುವ ವರ್ಷ ಮುಟ್ಟುತ್ತಿರಲಿಲ್ಲ. ಕಾನಿನೊಳಗೆ, ಅಂದರೆ ಊರವರು ಕಾದುಕೊಂಡ ದಟ್ಟ ಕಾಡಿನೊಳಗೆ, ಕೊಡಲಿ ಒಯ್ಯುತ್ತಿರಲಿಲ್ಲ. ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು 1868ರ ಸರ್ಕಾರಿ ವರದಿ ಎಣಿಸಿದೆ. ಜನ ಅಲ್ಲಿಂದ ಕಾಳುಮೆಣಸು ಕೊಯ್ಯುತ್ತಿದ್ದರು, ಬಗನಿ ಮರದಿಂದ ಕಳ್ಳು ಇಳಿಸುತ್ತಿದ್ದರು, ನೀರಿನ ಊಟೆಯನ್ನು ಕಾಯುತ್ತಿದ್ದರು. ಅದೇ ಜನರ ಮಕ್ಕಳು, ತೂಕ ಇಳಿಸುವ ಔಷಧಕ್ಕೆಂದು ಕಾನಿನ ಹುಳಿಹಣ್ಣಾದ ಉಪ್ಪಾಗೆಗೆ ಒಮ್ಮೆಲೇ ಬೆಲೆ ಬಂದಾಗ, ಹಣ್ಣಾಗಲು ಬಿಡದೆ ಕೊಂಬೆ ಸಮೇತ ಕಡಿದು ತಂದರು. ಇನ್ನೊಬ್ಬರು ಬಂದು ಕಡಿಯುವ ಮೊದಲು ನಾವೇ ಕಡಿಯಬೇಕೆಂಬ ಅವಸರ. ಅರಿವು ರಕ್ತದಲ್ಲಿ ಇಳಿದು ಬರುವುದಿಲ್ಲ. ಕಾನು ನಮ್ಮದು, ನಾಳೆಯೂ ನಮ್ಮದೇ ಎಂಬ ನಂಬಿಕೆ ಇರುವ ತನಕ ಅದು ಉಳಿಯುತ್ತದೆ. ನಂಬಿಕೆ ಕಿತ್ತುಕೊಂಡು ಆಮೇಲೆ ಜನರನ್ನು ದೂರುವುದು ನನಗೆ ಸರಿಕಾಣುವುದಿಲ್ಲ.

ಹೋದ ತಿಂಗಳು ಭೂಮಿ ಹುಣ್ಣಿಮೆ ಮುಗಿಯಿತು. ನಮ್ಮ ಪಕ್ಕದ ದೀವರ ಕೇರಿಯಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದಿದ್ದರು. ರಾತ್ರಿಯಿಡೀ ಅಡುಗೆ. ಬಗೆಬಗೆಯ ಸೊಪ್ಪು, ಅಮಟೆಕಾಯಿ, ಕಡುಬು. ನಸುಕಿನಲ್ಲಿ ಗದ್ದೆಗೆ ಹೊತ್ತೊಯ್ದು, ತೆನೆ ಕಟ್ಟುತ್ತಿರುವ ಪೈರನ್ನು ಬಸುರಿ ಹೆಣ್ಣಿನಂತೆ ಭಾವಿಸಿ ಅವಳಿಗೆ ಸೀಮಂತ. ಆಮೇಲೆ ಕಾಗೆಗೆ ಎಡೆ. ಆ ಹೋಮ್‌ಸ್ಟೇಯಿಂದ ಈ ಗದ್ದೆಗೆ ನಡೆದರೆ ಇಪ್ಪತ್ತು ನಿಮಿಷ. ಶಿಬಿರಕ್ಕೆ ಬರುವ ಮಕ್ಕಳನ್ನು ಒಂದು ನಸುಕಿನಲ್ಲಿ ಇಲ್ಲಿಗೆ ಕರೆತನ್ನಿ ಎಂದು ಅದರ ಮಾಲೀಕರಿಗೆ ಹೇಳಿದ್ದೇನೆ. ಕೇರಿಯ ಹಿರಿಯರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ. ಅವರ ಹಬ್ಬ ಪ್ರದರ್ಶನವಲ್ಲ. ಕೊಟ್ಟಿಗೆಯಲ್ಲಿ ಎರಡು ಗಿಡ್ಡ ಕಟ್ಟಿ, ಬಂದವರ ಕೈಗೆ ಒಂದೊಂದು ಹೊರೆ ಸೊಪ್ಪು ಕೊಡಿ, ಹಾಸಲಿ. ಕುದುರೆ ಬೇಕೇ ಬೇಕೆಂದರೆ ಡಿಸೆಂಬರ್‌ನಿಂದ ಏಪ್ರಿಲ್ ತನಕ ತನ್ನಿ, ಗೊರಸು ಬಲ್ಲವರ ಕೈಯಲ್ಲಿಡಿ, ಮೊದಲ ಮಳೆಗೆ ಬಯಲಿಗೆ ಕಳುಹಿಸಿ. ಅವರು ಸಿಟ್ಟಾಗಲಿಲ್ಲ. ಯೋಚಿಸುತ್ತೇನೆ ಎಂದಿದ್ದಾರೆ, ಮಾಡಿದರೆ ನಾನೇ ಗಿಡ್ಡ ಹುಡುಕಿ ಕೊಡುತ್ತೇನೆ.

ಆ ಹೆಣ್ಣು ಕುದುರೆಯನ್ನು ಆರಿದ್ರಾ ಮಳೆ ಹಿಡಿಯುವ ಮೊದಲೇ ಟೆಂಪೋದಲ್ಲಿ ಹೊಟ್ಟು ಹಾಸಿ ಶಿಕಾರಿಪುರದ ಕಡೆ ಕಳುಹಿಸಿದೆವು. ಚಾಚಾ ಜೊತೆಗೇ ಹೋದರು, ಅವರ ಅಳಿಯನ ಹೊಲದಲ್ಲಿ ಕಟ್ಟಿದ್ದಾರೆ. ತಿಂಗಳಿಗೊಮ್ಮೆ ಅವರ ಮೊಮ್ಮಗ ನಾಲ್ಕೂ ಗೊರಸುಗಳ ಫೋಟೋ ಕಳುಹಿಸುತ್ತಾನೆ. ಕುದುರೆಯ ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಮೇಲಿನಿಂದ ಕೆಳಗೆ. ನಿನ್ನೆ ಬಂದ ಫೋಟೋದಲ್ಲಿ ಹೊಸ ಗೊರಸು ನಯವಾಗಿ ಅರ್ಧದ ತನಕ ಇಳಿದಿದೆ. ಅದರ ಕೆಳಗೆ ನಮ್ಮ ಮಳೆಗಾಲದ್ದು ಇನ್ನೂ ಒರಟಾಗಿ, ಸೀಳು ಸೀಳಾಗಿ ಕಾಣುತ್ತಿದೆ.