ಗುಲಾಬಿ, ಸಂಡಿಗೆ, ಕಾಗೆ

"ಏನೇ, ನಿನ್ನ ಗುಲಾಬಿ ಮತ್ತೆ ಉಚ್ಚೆ ಹೊಯ್ದಿದೆ ಕಣೇ, ಬಾ ಇಲ್ಲಿ!"

ಬೆಳಿಗ್ಗೆ ಇನ್ನೂ ಏಳಾಗಿರಲಿಲ್ಲ. ತಾರಸಿಯಿಂದ ದೊಡ್ಡಮ್ಮನ ಕೂಗು. ಏನಾಗಿದೆ ಅಂತ ನೋಡದೆಯೇ ಹೇಳಬಲ್ಲೆ. ಆರು ಗಂಟೆಗೆ ನಾನು ಕುಂಡಗಳಿಗೆ ಹಾಕಿದ ನೀರು ತಳದ ತೂತಿನಿಂದ ಇಳಿದು, ಕೆಮ್ಮಣ್ಣು ಗೊಬ್ಬರ ಬೆರೆತು ಕಷಾಯದ ಬಣ್ಣಕ್ಕೆ ತಿರುಗಿ, ತಾರಸಿಯ ಇಳಿಜಾರು ಹಿಡಿದು ಹೊರಟು, ಅವರು ಹಾಸಿದ ಪ್ಲಾಸ್ಟಿಕ್ ಹಾಳೆಯ ಅಂಚನ್ನು ಮುಟ್ಟಿದೆ. ಹಾಳೆಯ ಮೇಲೆ ಆಗಷ್ಟೇ ಇಟ್ಟ ಅಕ್ಕಿ ಸಂಡಿಗೆ, ಬಿಸಿ ಇನ್ನೂ ಆರಿಲ್ಲ. ನಾನು ಕಸಬರಿಗೆ ಹಿಡಿದು ಓಡಿದೆ.

ದೊಡ್ಡಮ್ಮ ಅಂದರೆ ನಮ್ಮ ಮನೆಯ ಓನರ್. ಸಂಬಂಧವೇನೂ ಇಲ್ಲ, ಇಡೀ ಬೀದಿಗೆ ಅವರು ದೊಡ್ಡಮ್ಮ. ಕೆಳಗೆ ಅವರು, ಮೇಲೆ ಬಾಡಿಗೆಗೆ ನಾವು, ನಮ್ಮ ತಲೆಯ ಮೇಲೆ ಹದಿನಾಲ್ಕು ಗುಲಾಬಿ ಕುಂಡ. ಬಾಡಿಗೆ ಕರಾರಿನಲ್ಲಿ ತಾರಸಿಯ ಮಾತೇ ಇಲ್ಲ. ಹತ್ತು ತಿಂಗಳು ಅದು ನನ್ನದು, ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಅವರದು. ಗುಲಾಬಿಗೆ ಪ್ರಾಣಸಂಕಟ ಬರುವುದೂ ಸರಿಯಾಗಿ ಅದೇ ಎರಡು ತಿಂಗಳು. ಅವರಿಗೆ ಬೇಕಾದ ಬಿಸಿಲೇ ನನಗೆ ಬೇಡ.

ಬೇಸಿಗೆಯಲ್ಲಿ ಗುಲಾಬಿ ಸಾಕಿ ನೀನು ಕಲಿತದ್ದನ್ನು ಬರಿ, ತಾಳ್ಮೆ ಗೀಳ್ಮೆ ಅಂತ ಏನಾದರೂ ಇದ್ದೇ ಇರುತ್ತದೆ ಎಂದು ಮಗಳು ಹೇಳಿದ್ದಾಳೆ. ಬರೆಯುತ್ತೇನೆ. ಆದರೆ ಮೊದಲು ಈ ಗಿಡದ ಕೊಬ್ಬಿನ ಬಗ್ಗೆ ಎರಡು ಮಾತು ಹೇಳಿಬಿಡಬೇಕು.

ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರಿಗೈಲಿ ಬರುವುದುಂಟೇ? ನರ್ಸರಿಯವರ ಸಾಲಿನಲ್ಲಿ ಮಗುವಿನ ಮುಷ್ಟಿಯಷ್ಟು ದಪ್ಪ ಮೊಗ್ಗು ಹೊತ್ತು ನಿಂತಿರುತ್ತದೆ. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಪಕ್ಕದವರ ಸೀರೆಗೆ ಮುಳ್ಳು ತಾಗದಂತೆ ಕಾಪಾಡಿಕೊಂಡು ತರುತ್ತೇನೆ. ಫೆಬ್ರವರಿ ಪೂರ್ತಿ ರಾಣಿಯ ಹಾಗೆ ಇರುತ್ತದೆ. ಏಪ್ರಿಲ್ ಬಂತೋ, ಅದೇ ಗಿಡ ಎರಡು ರೂಪಾಯಿ ನಾಣ್ಯದಷ್ಟು ಹೂ ಬಿಡುತ್ತದೆ. ಎಂಟಕ್ಕೆ ಬಿರಿದರೆ ಹನ್ನೆರಡಕ್ಕೆ ಬಣ್ಣ ಹೋಗಿ, ಎಸಳಿನ ಅಂಚು ಸೀದ ದೋಸೆಯ ಹಾಗೆ ಕಂದಾಗಿರುತ್ತದೆ. ಎಲೆಯ ಕೆಳಗೆ ಕಣ್ಣಿಗೆ ಕಾಣದ ಕೆಂಪು ನುಸಿ ಸಂಸಾರ ಹೂಡುತ್ತದೆ. ಮೇಲಿನಿಂದ ನೋಡಿದರೆ ಯಾರೋ ಎಲೆಗೆ ಬೂದಿಬಣ್ಣದ ರವೆ ಚೆಲ್ಲಿದಂತಿರುತ್ತದೆ. ಎಲೆ ಮಗುಚಿ ನೀರು ಚಿಮುಕಿಸಿ ತೊಳೆಯಬೇಕು. ಒಂದೊಂದೇ ಎಲೆ, ಹದಿನಾಲ್ಕು ಗಿಡ. ನನ್ನ ಸ್ವಂತ ಮಕ್ಕಳ ಕಿವಿಯ ಹಿಂಭಾಗವನ್ನು ನಾನು ಇಷ್ಟು ಶ್ರದ್ಧೆಯಿಂದ ತೊಳೆದವಳಲ್ಲ.

ಬಲ್ಲವರನ್ನು ಕೇಳಿದರೆ, ಬೇಸಿಗೆಯಲ್ಲಿ ಗುಲಾಬಿಯನ್ನು ಅದರ ಪಾಡಿಗೆ ಬಿಡಿ ಅನ್ನುತ್ತಾರೆ. ಕತ್ತರಿ ಹಾಕಬೇಡಿ, ಗೊಬ್ಬರ ಸುರಿಯಬೇಡಿ, ಕುಂಡ ಬದಲಿಸಬೇಡಿ. ಬೆಳಿಗ್ಗೆ ನೀರು, ಬುಡಕ್ಕೆ ಒಣ ಎಲೆಯ ಹೊದಿಕೆ, ಮಧ್ಯಾಹ್ನ ಒಂದಿಷ್ಟು ನೆರಳು, ಅಷ್ಟೇ. ಹೇಳುವುದು ಸುಲಭ. ಕಣ್ಣೆದುರು ಒಣಗುತ್ತಿರುವುದನ್ನು ನೋಡುತ್ತ ಕೈಕಟ್ಟಿ ಕೂರುವುದು ಹೆಂಗಸರಾದ ನಮಗೆ ಯಾರೂ ಕಲಿಸಿಲ್ಲ.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರ್ ಮೇಲಿದೆ, ಗುಲಾಬಿಗೆ ಹೇಳಿ ಮಾಡಿಸಿದ ಊರು ಎಂದು ಹಳಬರು ಹೇಳುತ್ತಿದ್ದರು. ಹೇಳಿದ್ದೇನೋ ಸರಿ. ಆದರೆ 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಮುಟ್ಟಿತು. ಅದೂ ಹವಾಮಾನ ಇಲಾಖೆಯವರು ನೆರಳಿನಲ್ಲಿಟ್ಟು ಅಳೆದದ್ದು. ನನ್ನ ಕುಂಡಗಳಿರುವುದು ಸಿಮೆಂಟಿನ ಮೇಲೆ. ಮೇಲಿಂದ ಒಲೆ, ಕೆಳಗಿಂದ ಕಾವಲಿ. ಬೇರು ಬೇಯದಿರಲಿ ಎಂದು ಪ್ರತಿ ಕುಂಡದ ಅಡಿಗೂ ಎರಡೆರಡು ಇಟ್ಟಿಗೆ ಕೊಟ್ಟಿದ್ದೇನೆ. ಆಮೇಲೆ ನೀರು ಇನ್ನೂ ಸಲೀಸಾಗಿ ಸಂಡಿಗೆಯ ಕಡೆ ಹೊರಟಿತು ಅನ್ನುವುದು ಬೇರೆ ಮಾತು.

ನೀರಿನ ವಿಷಯದಲ್ಲಿ ಗುಲಾಬಿಯನ್ನು ಬೈದು ಪ್ರಯೋಜನವಿಲ್ಲ, ಅದು ಹೆಸರಿನಲ್ಲೇ ಹೇಳಿಕೊಂಡಿದೆ. ಪಾರ್ಸಿ ಭಾಷೆಯಲ್ಲಿ ಗುಲ್ ಅಂದರೆ ಹೂ, ಆಬ್ ಅಂದರೆ ನೀರು. ಗುಲಾಬ್ ಎಂದರೆ ಅಸಲಿಗೆ ಹೂವಲ್ಲ, ಪನ್ನೀರು. ನಾವು ಆ ಹೆಸರನ್ನು ತಂದು ಗಿಡಕ್ಕೇ ಕಟ್ಟಿಬಿಟ್ಟೆವು. ಈಗ ದಿನಾ ಬೆಳಿಗ್ಗೆ ಅದು ನನ್ನನ್ನು ನೋಡಿ ಹೆಸರಿನ ಉತ್ತರಾರ್ಧವನ್ನು ಕೇಳುತ್ತದೆ.

2024ರ ಮಾರ್ಚ್‌ನಲ್ಲಿ ಅದೂ ಕಷ್ಟವಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆಯುವಂತಿಲ್ಲ, ಗಿಡಗಳಿಗೆ ಹಾಕುವಂತಿಲ್ಲ, ತಪ್ಪಿದರೆ ಐದು ಸಾವಿರ ದಂಡ ಎಂದು ಜಲಮಂಡಳಿಯ ಆದೇಶ ಬಂತು. ನ್ಯಾಯವೇ. ಬೀದಿಯಲ್ಲಿ ಜನ ಕೊಡ ಹಿಡಿದು ಟ್ಯಾಂಕರ್ ಕಾಯುತ್ತಿರುವಾಗ ಗುಲಾಬಿಗೆ ನೀರು ಎನ್ನಲು ನಾಲಿಗೆ ಏಳುವುದಿಲ್ಲ. ಆಗ ನೆರವಿಗೆ ಬಂದದ್ದು ದೊಡ್ಡಮ್ಮ, ಸಂಡಿಗೆಯ ರೂಪದಲ್ಲಿ. ಅವರ ಸಂಡಿಗೆಗೆ ಅಕ್ಕಿ ಮೂರು ದಿನ ನೆನೆಯಬೇಕು, ದಿನಾ ನೀರು ಬದಲಿಸಬೇಕು. ಆ ಕಲಗಚ್ಚು ಹಿಂದೆ ಬೀದಿಯ ಹಸುವಿಗೆ ಹೋಗುತ್ತಿತ್ತು. ಈಗ ಬೀದಿಯಲ್ಲಿ ಹಸುವಿಲ್ಲ, ನಾನಿದ್ದೇನೆ. "ತಗೊಂಡು ಹೋಗೇ, ನಿನ್ನ ಹಸುಗಳಿಗೆ ಕುಡಿಸು" ಎಂದು ಬಕೆಟ್ ಮೆಟ್ಟಿಲ ಮೇಲಿಡುತ್ತಿದ್ದರು. ಸೊಪ್ಪು ತೊಳೆದದ್ದು, ಬೇಳೆ ತೊಳೆದದ್ದು, ಎಲ್ಲ ಮೇಲಕ್ಕೆ ಹತ್ತುತ್ತಿತ್ತು. ಆ ವರ್ಷ ನಮ್ಮಿಬ್ಬರ ನಡುವೆ ಇದ್ದಷ್ಟು ಸೌಹಾರ್ದ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಬರದಂತೆ ನೋಡಿಕೊಂಡದ್ದು ಒಂದು ಮೊಟ್ಟೆ.

ಗುಲಾಬಿ ಇಟ್ಟವರ ಮನೆಗೆ ಬರುವವರೆಲ್ಲ ವೈದ್ಯರೇ. ಟೀ ಚರಟ ಹಾಕಿ, ಈರುಳ್ಳಿ ಸಿಪ್ಪೆ ನೆನೆಹಾಕಿ, ಬಾಳೆಹಣ್ಣಿನ ಸಿಪ್ಪೆ ಹೂಳಿ. ಹೇಳುವವರ ಮನೆಯಲ್ಲಿ ಒಂದು ತುಳಸಿಯೂ ನೆಟ್ಟಗಿರುವುದಿಲ್ಲ. ನಾನು ತಲೆಯಾಡಿಸಿ ಕಾಫಿ ಕೊಟ್ಟು ಕಳಿಸುತ್ತೇನೆ. ಆದರೆ ನಮ್ಮ ಓರಗಿತ್ತಿ "ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕು, ಸುಣ್ಣದಂಶ" ಎಂದಾಗ ಯಾಕೋ ಮನಸ್ಸು ಒಪ್ಪಿತು.

ಇಲ್ಲಿ ಒಂದು ಗುಟ್ಟು ಬಿಚ್ಚಬೇಕು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದವರಿಗೆಲ್ಲ ಗೊತ್ತಿರುವ ಪ್ರಶ್ನೆ, "ನೀವು ವೆಜ್ಜಾ?" ಅಡ್ವಾನ್ಸ್ ಎಷ್ಟು ಎಂಬುದಕ್ಕಿಂತ ಮೊದಲು ಬರುತ್ತದೆ ಅದು. ಯಾರ ಮನೆಯ ಒಲೆಯ ಮೇಲೆ ಏನಿದೆ ಎಂಬುದು ಗೋಡೆಗೆ ಹೇಗೆ ತಿಳಿಯುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮವರು ಒಂದು ಕ್ಷಣವೂ ತಡವರಿಸದೆ "ಹೌದು" ಎಂದಿದ್ದರು. ಸುಳ್ಳೇನಲ್ಲ, ವಾರಕ್ಕೆ ಆರು ಮೊಟ್ಟೆ ಬಿಟ್ಟರೆ. ಆ ಆರು ಮೊಟ್ಟೆ ಒಂಬತ್ತು ವರ್ಷದಿಂದ ಕಪ್ಪು ಕವರಿನಲ್ಲಿ, ಮೇಲೊಂದು ಕಟ್ಟು ಕೊತ್ತಂಬರಿ ಸೊಪ್ಪು ಹೊದ್ದು ಮೆಟ್ಟಿಲು ಹತ್ತುತ್ತಿದ್ದವು. ಚಿಪ್ಪು ಪತ್ರಿಕೆಯಲ್ಲಿ ಸುತ್ತಿಕೊಂಡು ಮೂರನೇ ಕ್ರಾಸಿನ ಕಸಕ್ಕೆ ಹೋಗುತ್ತಿತ್ತು. ಕಳ್ಳಸಾಗಣೆಯವರು ಕಲಿಯಬೇಕು, ಅಂಥ ಶಿಸ್ತು.

ಅದನ್ನೆಲ್ಲ ಗುಲಾಬಿಗಾಗಿ ಮುರಿದೆ. ಕಳೆದ ವರ್ಷ ಏಪ್ರಿಲ್ ಮೊದಲ ವಾರ, ಚಿಪ್ಪುಗಳನ್ನು ಒಣಗಿಸಿ, ಮಿಕ್ಸಿಗೆ ಹಾಕಿದರೆ ಸದ್ದು ಕೆಳಗೆ ಕೇಳೀತೆಂದು ಕೈಯಲ್ಲೇ ಪುಡಿಮಾಡಿ ಕುಂಡಗಳಿಗೆ ಹಾಕಿ ಮೇಲೆ ಮಣ್ಣು ಎಳೆದೆ. ಕೈಯಲ್ಲಿ ಮಾಡಿದ ಪುಡಿ ಎಷ್ಟು ಪುಡಿಯಾದೀತು? ಮೊಟ್ಟೆ ಚಿಪ್ಪು ಮಣ್ಣಲ್ಲಿ ಕರಗಲು ವರ್ಷಗಟ್ಟಲೆ ಬೇಕು. ಕಾಗೆಗೆ ಅಷ್ಟು ಪುರುಸೊತ್ತಿಲ್ಲ.

ಅಂದು ದೊಡ್ಡಮ್ಮ ನಸುಕಿಗೇ ಎದ್ದು ಸ್ನಾನ ಮಾಡಿ, ಮಡಿಯಲ್ಲಿ ಹಿಟ್ಟು ಬೇಯಿಸಿ, ಹಸಿಮೆಣಸು, ಜೀರಿಗೆ, ಇಂಗು, ನಿಂಬೆರಸ ಎಲ್ಲ ಹದವಾಗಿ ಬಿದ್ದ ಸಂಡಿಗೆಯನ್ನು ಸಾಲುಸಾಲಾಗಿ ಇಟ್ಟಿದ್ದರು. ಗಂಡುಬೀಗರಿಗೆ ಕಳಿಸಬೇಕಾದದ್ದು. ಕೊಡೆ ಬಿಚ್ಚಿ, ಕೋಲು ಹಿಡಿದು, ಗೋಡೆಯ ನೆರಳಲ್ಲಿ ಕೂತಿದ್ದರು. ನಾನು ಈಚೆ ಮೂಲೆಯಲ್ಲಿ ಎಲೆ ತೊಳೆಯುತ್ತಿದ್ದೆ. ಕಾಗೆ ಬಂತು. ಸಂಡಿಗೆಯ ಕಡೆ ಹೋಗಲೇ ಇಲ್ಲ. ನನ್ನ ಏಳನೇ ಕುಂಡದ ಮೇಲೆ ಕೂತು, ಮಣ್ಣು ಕೆದಕಿ, ಅರ್ಧ ಚಿಪ್ಪನ್ನು ಕೊಕ್ಕಿನಲ್ಲಿ ಹಿಡಿದು ಹಾರಿತು. ದೊಡ್ಡಮ್ಮ ಅಭ್ಯಾಸಬಲದಿಂದ "ಹುಶ್!" ಎಂದು ಕೋಲು ಬೀಸಿದರು. ಅದು ಬೆದರಿ ಬಾಯಿ ಬಿಟ್ಟಿತು. ಚಿಪ್ಪು ಹಾಳೆಯ ನಟ್ಟನಡುವೆ ಬಿತ್ತು, ಬೆಳ್ಳಗೆ, ಇನ್ನೊಂದು ಸಂಡಿಗೆಯ ಹಾಗೆ.

ಅವರು ಮೊದಲು ಚಿಪ್ಪು ನೋಡಿದರು. ಆಮೇಲೆ ಕುಂಡ. ಆಮೇಲೆ ನನ್ನನ್ನು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಒಂಬತ್ತು ವರ್ಷ" ಅಂದರು, ಅಷ್ಟೇ. ಅಲ್ಲಿಂದ ಶುರುವಾಯಿತು ಶಾಸ್ತ್ರವಿಚಾರ. ಪ್ಲಾಸ್ಟಿಕ್ ಹಾಳೆಯ ಮೇಲೆ ಮೈಲಿಗೆ ಎಷ್ಟು ದೂರ ಹರಿಯುತ್ತದೆ? ಬಟ್ಟೆಯಾಗಿದ್ದರೆ ಪೂರ್ತಿ ಹೋಯಿತು, ಪ್ಲಾಸ್ಟಿಕ್ಕಿಗೆ ಹಾಗಿಲ್ಲ ಎಂದು ಅವರ ನಾದಿನಿ ಫೋನಿನಲ್ಲಿ ಹೇಳಿದರಂತೆ. ಬಿಸಿಲಿಗಿಂತ ಮಡಿ ಯಾವುದಿದೆ, ಸುಮ್ಮನಿರಮ್ಮ ಎಂದು ಮಗ. ಕೊನೆಗೆ ಚಿಪ್ಪು ಬಿದ್ದ ಜಾಗದಿಂದ ನಾಲ್ಕೂ ಕಡೆಗೆ ಒಂದೊಂದು ಗೇಣು ಎಂದು ತೀರ್ಮಾನವಾಯಿತು. ಗೇಣು ಅಳೆದು, ಗೆರೆಯೊಳಗಿನ ಮೂವತ್ತೊಂದು ಸಂಡಿಗೆ ಎತ್ತಿ, ಸಂಜೆ ತಟ್ಟೆಯಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು.

"ನಿಮಗೇನೂ ಆಗಲ್ಲವಲ್ಲ" ಅಂದರು.

ಕೋಪ ಬಂತು. ತಟ್ಟೆಯನ್ನೂ ತೆಗೆದುಕೊಂಡೆ. ಎರಡು ದಿನ ಒಣಗಿಸಿ ಕರಿದರೆ, ಏನು ಹೇಳಲಿ, ಅಂಥ ಸಂಡಿಗೆ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಹನ್ನೊಂದು ದಿನ ಮಾತಿಲ್ಲ. ಕಲಗಚ್ಚಿನ ಬಕೆಟ್ಟೂ ಮೆಟ್ಟಿಲ ಮೇಲೆ ಬರಲಿಲ್ಲ. ಈ ನಡುವೆ ನನ್ನ ಗಿಡಗಳ ಎಲೆಗಳಲ್ಲಿ ತೂತು ಕಾಣಿಸಿಕೊಂಡವು. ಹುಳ ತಿಂದ ಹಾಗಲ್ಲ. ಎಲೆಯ ಅಂಚಿನಿಂದ ಅಚ್ಚುಕಟ್ಟಾಗಿ ಅರ್ಧಚಂದ್ರ, ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಮೆಷಿನ್ನಿನಲ್ಲಿ ಕತ್ತರಿಸಿದ ಹಾಗೆ. ರಜೆಗೆ ಬಂದಿದ್ದ ಅವರ ಮೊಮ್ಮಗನ ಕೈಯಲ್ಲಿ ಅಂಥದ್ದೊಂದು ಮೆಷಿನ್ ನೋಡಿದ್ದೆ. ಓಹೋ, ಸೇಡು ಹೀಗೆ! ಹುಡುಗನನ್ನು ಹಿಡಿಯಲೇಬೇಕೆಂದು ಮಟಮಟ ಮಧ್ಯಾಹ್ನ ನೀರಿನ ಟ್ಯಾಂಕಿನ ಹಿಂದೆ ಅವಿತು ಕೂತೆ, ಈ ವಯಸ್ಸಿನಲ್ಲಿ. ಬಂದದ್ದು ಒಂದು ಜೇನಿನಂಥ ನೊಣ. ಎಲೆಯ ಅಂಚಿಗೆ ಕೂತು, ತಾನೇ ಕೈವಾರವೆಂಬಂತೆ ಸುತ್ತು ತಿರುಗಿ, ದುಂಡಗೆ ಕತ್ತರಿಸಿ, ತುಂಡನ್ನು ಹೊಟ್ಟೆಯಡಿ ಮಡಚಿಕೊಂಡು ಹಾರಿಹೋಯಿತು. ಎಲೆ ಕತ್ತರಿಸುವ ಜೇನು. ಅದು ಎಲೆಯನ್ನು ತಿನ್ನುವುದಿಲ್ಲ, ಒಯ್ದು ಗೋಡೆಯ ತೂತಿನಲ್ಲೋ ಕೊಳವೆಯಲ್ಲೋ ಸುರುಳಿ ಸುತ್ತಿ ಮರಿಗೆ ತೊಟ್ಟಿಲು ಮಾಡುತ್ತದೆ. ಗಿಡಕ್ಕೆ ಅದರಿಂದ ಅಂಥ ತೊಂದರೆಯೂ ಇಲ್ಲ. ಹುಡುಗನಿಗೆ ಮನಸ್ಸಿನಲ್ಲೇ ಒಂದು ಚಾಕಲೇಟ್ ಬಾಕಿ ಇಟ್ಟುಕೊಂಡೆ. ಇನ್ನೂ ಕೊಟ್ಟಿಲ್ಲ.

ಹನ್ನೆರಡನೇ ದಿನ ನಾನು ಹಸಿರು ನೆರಳುಬಲೆ ಕಟ್ಟುತ್ತಿದ್ದೆ. ದೊಡ್ಡಮ್ಮ ಮೇಲೆ ಬಂದು, ಬಲೆಯ ನೆರಳು ಹಾಳೆಯ ಕಡೆ ಎಲ್ಲಿಯವರೆಗೆ ಚಾಚುತ್ತದೆಂದು ನೋಡಿ, ಮೌನ ಮುರಿದರು. "ಇಷ್ಟೆಲ್ಲ ಒದ್ದಾಡ್ತೀಯಲ್ಲ, ಹೂ ಕರಿದು ತಿನ್ನಕ್ಕಾಗತ್ತೇನೇ?"

ಗುಲ್ಕನ್ ಮಾಡಬಹುದು ಎಂದೆ, ಸ್ವಲ್ಪ ಗತ್ತಿನಿಂದಲೇ. ಎಸಳು ಕಲ್ಲುಸಕ್ಕರೆ ಒಂದರ ಮೇಲೊಂದು ಭರಣಿಗೆ ತುಂಬಿ, ಇದೇ ಬಿಸಿಲಿನಲ್ಲಿ ವಾರಗಟ್ಟಲೆ ಇಟ್ಟರೆ ಆಯಿತು.

"ಅದಕ್ಕೆ ಪನ್ನೀರು ಗುಲಾಬಿ ಬೇಕು. ನಿನ್ನದು ಮೂಸಿದರೆ ಕಾಗದ. ಔಷಧಿ ಬೇರೆ ಹೊಡೀತೀಯ." ಸಂಡಿಗೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಒಣಗಿದೆಯೇ ನೋಡಿ ಮುಂದುವರಿಸಿದರು: "ನನ್ನದು ನೋಡು, ಎಣ್ಣೆಗೆ ಬಿಟ್ಟ ತಕ್ಷಣ ಅರಳತ್ತೆ. ನಿನ್ನದಕ್ಕೆ ಎಷ್ಟು ತಿಂಗಳು?"

ಉತ್ತರ ಇವತ್ತಿಗೂ ಹೊಳೆದಿಲ್ಲ.

ಆ ಬೇಸಿಗೆಯಲ್ಲಿ ಹನ್ನೊಂದು ಗಿಡ ಉಳಿದವು. ಕತ್ತರಿ ಹಾಕಬೇಡಿ ಎಂದಿದ್ದರೂ ಹಾಕಿದ ಎರಡು, ತುದಿಯಿಂದ ಕಪ್ಪಾಗುತ್ತ ಬುಡಕ್ಕಿಳಿದು ಹೋದವು. ಮೂರನೆಯದನ್ನು ಅತಿಯಾದ ನೀರು ಕೊಟ್ಟು ನಾನೇ ಕೊಂದೆ. ಆದರೆ ಏಳನೇ ಕುಂಡ, ಅದೇ ಕಾಗೆಯ ಕುಂಡ, ಮೊದಲ ಮಳೆ ಬಿದ್ದದ್ದೇ ಬುಡದಿಂದ ಒಂದು ಚಿಗುರು ಎತ್ತಿತು ನೋಡಿ! ವಾರಕ್ಕೊಂದು ಗೇಣು. ಜುಲೈ ಹೊತ್ತಿಗೆ ನನ್ನ ಭುಜ ಮುಟ್ಟಿತು. ಮೊಟ್ಟೆ ಚಿಪ್ಪಿನ ಮಹಿಮೆ ಎಂದು ಓರಗಿತ್ತಿಗೆ ಫೋನ್ ಮಾಡಿಯೂ ಹೇಳಿದೆ. ಆಗಸ್ಟಿನಲ್ಲಿ ಒಂದು ದಿನ ಅದರ ಎಲೆ ಎಣಿಸಿದೆ. ಪಕ್ಕದ ಕುಂಡದ ಗಿಡದಲ್ಲಿ ದಂಟಿಗೆ ಐದು, ಇದರಲ್ಲಿ ಏಳು. ಮಣ್ಣು ಸರಿಸಿ ನೋಡಿದರೆ ಕಸಿಯ ಗಂಟಿನ ಕೆಳಗಿನಿಂದ ಎದ್ದಿದೆ. ಕಸಿ ಕಟ್ಟಲು ಬೇರಿಗಾಗಿ ಬಳಸುವ ಕಾಡುಗುಲಾಬಿ. ಮೇಲಿದ್ದ ರಾಣಿ ಯಾವಾಗ ಸತ್ತಳೋ ನನಗೆ ಗೊತ್ತೇ ಆಗಿರಲಿಲ್ಲ. ಬೇಸಿಗೆಯಿಡೀ ನಾನು ಎಲೆ ತೊಳೆದು ಸಾಕಿದ್ದು ಅವಳ ಕೆಲಸದವಳನ್ನು.

ಕಿತ್ತೆಸೆಯಬೇಕೆಂದು ಕತ್ತರಿ ಹಿಡಿದು ನಿಂತಿದ್ದೆ. ಒಗೆದ ಬಟ್ಟೆ ಹರವಲು ಬಂದ ದೊಡ್ಡಮ್ಮ, "ಎಷ್ಟು ಚೆನ್ನಾಗಿ ಬಂದಿದೆಯಲ್ಲೇ ಇದು, ಕತ್ತರಿಸ್ಬೇಡ" ಎಂದರು. ಒಂಬತ್ತು ವರ್ಷದಲ್ಲಿ ಅವರು ನನ್ನ ಗಿಡವೊಂದನ್ನು ಹೊಗಳಿದ್ದು ಅದೇ ಮೊದಲು. ನಿಜ ಹೇಳಲು ಬಾಯಿ ಬರಲಿಲ್ಲ.

ಈ ಏಪ್ರಿಲ್‌ನಲ್ಲಿ ಅದು ನನಗಿಂತ ಎತ್ತರವಾಗಿದೆ. ಒಂದು ಹೂ ಬಿಟ್ಟಿಲ್ಲ. ಬಾಗದಿರಲೆಂದು ಬಿದಿರು ಕೋಲು ಊರಿ ಕಟ್ಟಿದ್ದೇನೆ. ಅದರ ತುದಿಗೆ ದೊಡ್ಡಮ್ಮ ತಮ್ಮ ಹರಿದ ಕೊಡೆಯ ಕರಿ ಬಟ್ಟೆಯನ್ನು ಬಿಗಿದಿದ್ದಾರೆ, ಕಾಗೆ ಬರದಿರಲಿ ಅಂತ. ಗಾಳಿಗೆ ಪಟಪಟ ಅನ್ನುತ್ತಿರುತ್ತದೆ. ಮೊನ್ನೆ ಒಂದು ಕಾಗೆ ಅದರ ಮೇಲೇ ಕೂತಿತ್ತು.