ಅವನ ಆಧಾರ್ ಕೇಳೋಕೆ ನೀನ್ಯಾವ ಪೊಲೀಸು?

ನಮ್ಮ ಶಿವಮೊಗ್ಗ ಕಡೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ. 'ತೋಟಕ್ಕೆ ಹೊರಗಿನವರನ್ನು ಕರೆಯಬೇಡಿ, ಅವರೆಲ್ಲ ಬಾಂಗ್ಲಾದವರು.' ಬರೆದವರು ಯಾರೋ ಗೊತ್ತಿಲ್ಲ. ಕಳಿಸಿದವರು ಮಾತ್ರ ನಮ್ಮವರೇ. ಅವರಲ್ಲೇ ಕೆಲವರ ಅಡಿಕೆ ತೋಟಕ್ಕೆ ಈ ಮಳೆಗಾಲ ಕೊಳೆರೋಗದ ಔಷಧಿ ಹೊಡೆದದ್ದು ಅಸ್ಸಾಮಿನ ಹುಡುಗರು. ಅದು ಬೇರೆ ಮಾತು ಬಿಡಿ.

ಇಂಥದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಾವು ನೋಡಿದ್ದೇವೆ. 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. 2018ರ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಕಡೆ ಹೈದರಾಬಾದಿನ ಎಂಜಿನಿಯರ್ ಒಬ್ಬನ ಜೀವ ಹೋಯಿತು. ಅಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ತಪ್ಪಾಯಿತು.

ತೀರ್ಥಹಳ್ಳಿ ರಸ್ತೆಯ ಒಂದು ಟೀ ಅಂಗಡಿಯಲ್ಲಿ ಮೊನ್ನೆ ಕೂತಿದ್ದೆ. ಮೂಲೆಯ ಬೆಂಚಿನಲ್ಲಿ ಒಬ್ಬ ಹುಡುಗ ಬನ್ ಅದ್ದಿಕೊಂಡು ತಿನ್ನುತ್ತಿದ್ದ. ಸಣ್ಣ ಕಣ್ಣು, ಕೈಯೆಲ್ಲ ಕೊಳೆರೋಗಕ್ಕೆ ಹೊಡೆಯೋ ಸುಣ್ಣ-ಮೈಲುತುತ್ತದ ಕಲೆ. ಬೈಕಿನಲ್ಲಿ ಬಂದ ಮೂವರು ಅವನನ್ನು ಸುತ್ತುವರಿದರು. ಮೊದಲು 'ಏ ಚೈನೀಸ್' ಅಂತ ನಗು. ಆಮೇಲೆ 'ಆಧಾರ್ ತೆಗಿ'. ಒಬ್ಬ ಮೊಬೈಲ್ ಎತ್ತಿ ವಿಡಿಯೊ ಮಾಡೋಕೆ ಶುರುಮಾಡಿದ. ಹುಡುಗನ ಬನ್ ಕೈಯಲ್ಲೇ ಉಳಿಯಿತು. ಅಂಗಡಿ ಅಕ್ಕ ಒಲೆ ಮುಂದಿಂದಲೇ ಕೂಗಿದರು: 'ಅವನ ಆಧಾರ್ ಕೇಳೋಕೆ ನೀನ್ಯಾವ ಪೊಲೀಸು? ಟೀ ಬೇಕಾ ಹೇಳು, ಇಲ್ಲಾಂದ್ರೆ ಗಾಡಿ ತೆಗಿ, ಗಿರಾಕಿ ಬರೋ ದಾರಿ.' ಅಷ್ಟೇ. ಮೂವರೂ ಗೊಣಗುತ್ತಾ ಹೊರಟರು. ಅವರಲ್ಲಿ ಒಬ್ಬನ ಅಪ್ಪ ಯಾರು ಅಂತ ಆ ಅಕ್ಕನಿಗೆ ಗೊತ್ತಿತ್ತು. ಸಣ್ಣ ಊರಿನಲ್ಲಿ ಇದೊಂದು ಅನುಕೂಲ.

ಕೂಲಿಗೆ ಬಂದವರ ವಿವರ ಕೊಡಿ ಅಂತ ಪೊಲೀಸರು ಕೇಳಿದರೆ ಕೊಡೋಣ. ತಪ್ಪು ಮಾಡಿದವನು ಯಾರೇ ಆಗಲಿ, ಕೇಸಾಗಲಿ. ಆದರೆ ಮೂತಿ ನೋಡಿ ದಾರಿಯಲ್ಲಿ ನಿಲ್ಲಿಸೋದು ಪುಂಡಾಟಿಕೆ.

ಅದೂ ನಮ್ಮ ಜಿಲ್ಲೆಯಲ್ಲಿ ನಿಂತು 'ಎಲ್ಲಿಂದ ಬಂದೆ, ಕಾಗದ ತೋರಿಸು' ಅನ್ನೋಕೆ ನಾಲಿಗೆ ಹೇಗೆ ಬರುತ್ತದೋ! ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರದ ಎಷ್ಟೋ ಊರು ನೀರಿನಡಿ ಹೋದವು. ತೋಟ, ಗದ್ದೆ, ದೇವರ ಬನ ಬಿಟ್ಟು ಬಂದವರಿಗೆ ಹೋದಲ್ಲೆಲ್ಲ 'ಮುಳುಗಡೆಯವರು' ಅನ್ನೋ ಹೆಸರು ಅಂಟಿತು. ನಾಡಿಗೆ ಕರೆಂಟ್ ಬಂತು. ಅರವತ್ತು ವರ್ಷ ದಾಟಿದರೂ ಅವರಲ್ಲಿ ಎಷ್ಟೋ ಮನೆಯವರ ಕೈಗೆ ಹಕ್ಕುಪತ್ರ ಬಂದಿಲ್ಲ. ನನ್ನ ಅಮ್ಮನ ಕಡೆಯವರೂ ಅವರಲ್ಲೇ ಸೇರಿದವರು. ಅಜ್ಜಿಮನೆ ಅಂಗಳದಲ್ಲಿ ಯಾರೋ ಬಂದು ನಿಂತು ಇದೇ ಪ್ರಶ್ನೆ ಕೇಳಿದರೆ ಅಜ್ಜಿ ಏನನ್ನು ತೋರಿಸಬೇಕು? ಭದ್ರಾವತಿ ಕಾರ್ಖಾನೆ ಕಟ್ಟಿ ನಿಲ್ಲಿಸಿದವರಲ್ಲಿ ತಮಿಳರು, ತೆಲುಗರು, ಮಲಯಾಳಿಗಳು ಎಷ್ಟು ಜನ! ಅವರ ಮೊಮ್ಮಕ್ಕಳು ಇವತ್ತು ನನಗಿಂತ ಚೆಂದ ಕನ್ನಡ ಮಾತಾಡುತ್ತಾರೆ.

ಶಿವಮೊಗ್ಗದ ಪೇಟೆಯವರಿಗೆ ಜಾಸ್ತಿ ಹೇಳಬೇಕಾಗಿಲ್ಲ. 2022ರಲ್ಲಿ, ಮತ್ತೆ 2023ರ ಅಕ್ಟೋಬರ್‌ನಲ್ಲಿ ರಾಗಿಗುಡ್ಡ ಬಡಾವಣೆಯಲ್ಲಿ ಹಿಂದೂ-ಮುಸ್ಲಿಂ ಗಲಾಟೆಯಾದಾಗ ನಿಷೇಧಾಜ್ಞೆ ಕಂಡವರು ನೀವು. ಗಲಾಟೆ ಆದಮೇಲೆ ಶಾಂತಿ ಸಭೆ, ಅದೇ ಮುಖಂಡರು, ಅದೇ ಬಿಸ್ಕತ್ತು. ಹಣಗೆರೆಕಟ್ಟೆಯ ಫೋಟೊ ಹಾಕಿ 'ನಮ್ಮ ಸೌಹಾರ್ದ ನೋಡಿ' ಅನ್ನೋದೂ ನನಗೆ ಈಗ ಸಾಕಾಗಿದೆ. ಅಲ್ಲಿ ಚೌಡೇಶ್ವರಿ, ಭೂತರಾಯ, ದರ್ಗಾ ಒಂದೇ ಸೂರಿನಡಿ ಇರೋದು ನಿಜ. ಆದರೆ ಅಲ್ಲಿಗೆ ಹರಕೆ ಹೊತ್ತು ಹೋಗಿ ಬಂದವರೇ 'ಅವರ ಅಂಗಡಿಗೆ ಹೋಗಬೇಡಿ' ಅನ್ನೋ ಪಟ್ಟಿ ಹಂಚಿದರೆ ಆ ಫೋಟೊ ಏನು ಮಾಡೀತು?

ವಿಡಿಯೊ ಮಾಡುವ ಹುಡುಗರಿಗೆ ಒಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 103(2) ಅಂತ ಒಂದು ಕಲಂ ಇದೆ. ಜನಾಂಗ, ಜಾತಿ, ಹುಟ್ಟಿದ ಊರು, ಭಾಷೆ ಇಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ ಪ್ರತಿಯೊಬ್ಬನಿಗೂ ಮರಣದಂಡನೆ ಇಲ್ಲವೇ ಜೀವಾವಧಿ. 'ನಾನು ಸುಮ್ನೆ ಜೊತೆಗೆ ಹೋಗಿದ್ದೆ' ಅಂದರೆ ಬಿಟ್ಟು ಕಳಿಸುತ್ತಾರೆ ಅಂದುಕೊಳ್ಳಬೇಡಿ.

ತೋಟದ ಧಣಿಗಳಿಗೂ ಒಂದು ಮಾತಿದೆ. ಕೆಲಸಕ್ಕೆ ಮಾತ್ರ ಅಸ್ಸಾಮಿನ ಹುಡುಗರು ಬೇಕು, ಪೇಟೆಯಲ್ಲಿ ಯಾರೋ ಅಡ್ಡ ಹಾಕಿದರೆ ಗುರುತಿಲ್ಲ ಅನ್ನೋದು ಯಾವ ನ್ಯಾಯ? ನಿಮ್ಮ ನಂಬರ್ ಅವರ ಹತ್ತಿರ ಇರಲಿ. 112ಕ್ಕೆ ಫೋನ್ ಮಾಡೋದು ಹೇಳಿಕೊಡಿ. ಸಂತೆಗೆ ಒಂದು ಸಲ ಜೊತೆಗೆ ಹೋಗಿ, ನಾಲ್ಕು ಜನ ನೋಡಲಿ.

ನಮ್ಮಲ್ಲಿ ಅಡಿಕೆ ಗೊನೆ ತೆಗೆಯೋಕೆ ಆ ಹುಡುಗರೇ ಬರುತ್ತಾರೆ. ಅಡಿಕೆ ಅವರ ಊರಿನಲ್ಲೂ ಬೆಳೆಯುತ್ತದೆ, ಮರ ಹತ್ತೋದು ಅವರಿಗೆ ಹೇಳಿಕೊಡಬೇಕಾಗಿಲ್ಲ. ತಕರಾರು ಇದ್ದವರು ನನ್ನ ಹತ್ತಿರ ಬನ್ನಿ, ಅವರ ಹತ್ತಿರ ಬೇಡ.